ಒಮ್ಮೆ ಮಾತ್ರ ಬರೆಯುವ ಪರೀಕ್ಷೆ





“ನಮ್ಮ ಮಗು ಭಾರಿ ಚುರುಕು. ಒಮ್ಮೆ ಹೇಳಿದರೆ ಸಾಕು, ಮರೆಯುವುದಿಲ್ಲ. ಮುಂದೆ ಯಾವ ಶಾಲೆಗೆ ಹಾಕೋಣ?”

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ತಾಯಂದಿರು ಶಿಕ್ಷಕಿಯರನ್ನು ಕಂಡಾಗ ಕೇಳುವ ಪ್ರಶ್ನೆ ಇದು. ಪ್ರಶ್ನೆ ಒಳ್ಳೆಯದೇ. ಆದರೆ ಹೆಚ್ಚಿನವರು ಇದನ್ನು ಕೇಳುವುದು ಮಗುವಿನ ಐದನೇ ತರಗತಿ ಮುಗಿಯುವಾಗ, ಮಾರ್ಚ್ ಏಪ್ರಿಲ್ ತಿಂಗಳಲ್ಲಿ. ಅಷ್ಟರಲ್ಲಿ ಒಂದು ದೊಡ್ಡ ಬಾಗಿಲು ಮುಚ್ಚಿ ಹೋಗಿರುತ್ತದೆ. ಅದು ತೆರೆದಿತ್ತು ಎಂಬುದೇ ಆ ತಾಯಿಗೆ ಗೊತ್ತಿರುವುದಿಲ್ಲ.

ಆ ಬಾಗಿಲು ಜವಾಹರ್ ನವೋದಯ ವಿದ್ಯಾಲಯದ್ದು. ನಮ್ಮ ರಾಯಚೂರು ಜಿಲ್ಲೆಯ ನವೋದಯ ಇರುವುದು ಲಿಂಗಸುಗೂರು ತಾಲೂಕಿನ ಮುದಗಲ್‌ನಲ್ಲಿ. ಮೊಹರಮ್‌ಗೆಂದು ಮುದಗಲ್‌ಗೆ ಹೋಗಿ ಬಂದವರು, ಅಲ್ಲಿನ ಕೋಟೆ ನೋಡಿ ಬಂದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದೇ ಊರಿನಲ್ಲಿ ನಮ್ಮ ಮಕ್ಕಳಿಗೂ ಹಕ್ಕಿರುವ ಇಂತಹದೊಂದು ಶಾಲೆ ಇದೆ ಎಂದು ತಿಳಿದವರು ಕಡಿಮೆ. ಈ ತಿಂಗಳು ಆ ಶಾಲೆಯ ಪ್ರವೇಶದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎರಡನೇ, ಮೂರನೇ ತರಗತಿಯ ಮಕ್ಕಳಿರುವ ತಾಯಂದಿರು ವಿಶೇಷವಾಗಿ ಓದಬೇಕು.

ಯಾರಿಗಾಗಿ ಈ ಶಾಲೆ?

1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಮಾತು ಒಪ್ಪಿಕೊಳ್ಳಲಾಯಿತು. ಬುದ್ಧಿವಂತ ಮಕ್ಕಳು ಹಳ್ಳಿಗಳಲ್ಲಿಯೂ ಹುಟ್ಟುತ್ತಾರೆ, ಆದರೆ ಒಳ್ಳೆಯ ಶಾಲೆಗಳು ಪಟ್ಟಣಗಳಲ್ಲಿ, ಹಣವಿದ್ದವರಿಗೆ ಮಾತ್ರ ಸಿಗುತ್ತವೆ. ಆದ್ದರಿಂದ ಜಿಲ್ಲೆಗೊಂದು ವಸತಿ ಶಾಲೆ ಇರಲಿ, ತಂದೆಯ ಜೇಬು ನೋಡದೆ ಮಗುವಿನ ಪ್ರತಿಭೆ ನೋಡಿ ಸೇರಿಸಿಕೊಳ್ಳಲಿ ಎಂಬುದು ಯೋಜನೆ. ಮೊದಲ ಎರಡು ಶಾಲೆಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಆರಂಭವಾದವು. ಇಂದು ತಮಿಳುನಾಡು ಬಿಟ್ಟರೆ ದೇಶದ ಎಲ್ಲ ರಾಜ್ಯಗಳಲ್ಲಿಯೂ ನವೋದಯಗಳಿವೆ.

ಆರನೇ ತರಗತಿಗೆ ಸೇರಿದ ಮಗು ಹನ್ನೆರಡನೇ ತರಗತಿಯವರೆಗೆ ಅಲ್ಲಿಯೇ ಓದಬಹುದು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಎಂದು ತೆಗೆದುಕೊಳ್ಳುತ್ತಾರೆ. ಸರಕಾರಿ ನೌಕರರ ಮಕ್ಕಳಿಗೆ ಇದು ಹೆಚ್ಚು. ಆದರೆ ಹುಡುಗಿಯರಿಗೆ, ಪರಿಶಿಷ್ಟ ಜಾತಿ ಪಂಗಡದ ಮಕ್ಕಳಿಗೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಮಕ್ಕಳಿಗೆ ಅದೂ ಇಲ್ಲ. ಅಂದರೆ ಬಡವರ ಮನೆಯ ಹುಡುಗಿ ಏಳು ವರ್ಷ ಓದಿ ಹೊರಬಂದರೂ ತಂದೆಯ ಮೇಲೆ ಶುಲ್ಕದ ಹೊರೆ ಬೀಳುವುದಿಲ್ಲ.

ಒಂದು ಶಾಲೆಯಲ್ಲಿ ಆರನೇ ತರಗತಿಗೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಅಂದರೆ 80ರಲ್ಲಿ 60. ಕನಿಷ್ಠ ಮೂರನೇ ಒಂದು ಭಾಗ ಹುಡುಗಿಯರಿಗೆ. ಇಡೀ ಜಿಲ್ಲೆಯ ಮಕ್ಕಳು ಇಷ್ಟು ಸ್ಥಾನಗಳಿಗೆ ಪರೀಕ್ಷೆ ಬರೆಯುತ್ತಾರೆ. ಅದೂ ಒಂದು ಮಗುವಿಗೆ ಒಂದೇ ಅವಕಾಶ. ಈ ವರ್ಷ ಬರಲಿಲ್ಲ, ಮುಂದಿನ ವರ್ಷ ಐದನೇ ತರಗತಿಯಲ್ಲಿ ಮತ್ತೆ ಕೂರಿಸಿ ಬರೆಸೋಣ ಎನ್ನುವಂತಿಲ್ಲ.

ಹಳ್ಳಿಯ ಮಗು ಪಟ್ಟಣದ್ದಾಗುವುದು ಹೇಗೆ?

ಮಸ್ಕಿ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಐದನೇ ತರಗತಿ. ನಿಜಕ್ಕೂ ಚುರುಕು. ಊರು ಹಳ್ಳಿ, ಹೊಲದ ಕೆಲಸದ ಮನೆತನ. ಆದರೆ ನಾಲ್ಕನೇ ತರಗತಿಗೆ ಇಂಗ್ಲಿಷ್ ಬರಲಿ ಎಂದು ಪಟ್ಟಣದ ಶಾಲೆಗೆ ಹಾಕಿದ್ದರು. ದಿನಾ ಟಂಟಂನಲ್ಲಿ ಹೋಗಿ ಬರುತ್ತಿದ್ದಳು.

“ಆಪಾ, ಈಕಿ ಹಳ್ಳಿಯಾಕಿನೇ ಅಲ್ಲೇನ್ರಿ? ರೇಷನ್ ಕಾರ್ಡು, ಆಧಾರು ಎಲ್ಲಾ ಹಳ್ಳೀದೇ ಐತ್ರಿ,” ಎಂದರು.

ನಿಯಮ ಹಾಗಿಲ್ಲ. ನವೋದಯದ ಲೆಕ್ಕದಲ್ಲಿ ಗ್ರಾಮೀಣ ಮಗು ಎಂದರೆ ಮೂರು, ನಾಲ್ಕು, ಐದು ಈ ಮೂರೂ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಪೂರ್ತಿಯಾಗಿ ಓದಿದ ಮಗು. ಆ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ಪಟ್ಟಣದ ಮಗು ಎಂದೇ ಲೆಕ್ಕ. ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತಾರೆ. ಆ ಹುಡುಗಿ ಅರ್ಜಿ ಹಾಕಬಹುದಿತ್ತು, ಹಾಕಿದಳು ಕೂಡ. ಆದರೆ ಗ್ರಾಮೀಣ ಮಕ್ಕಳಿಗೆ ಮೀಸಲಾದ 60 ಸ್ಥಾನಗಳ ಹಕ್ಕು ಅವಳ ಕೈಬಿಟ್ಟಿತ್ತು. ಉಳಿದ ಕೆಲವೇ ಸ್ಥಾನಗಳಿಗೆ ಪಟ್ಟಣದ ಮಕ್ಕಳ ಜೊತೆ ಸ್ಪರ್ಧಿಸಬೇಕಾಯಿತು.

ಸಿಂಧನೂರಿನ ಸುತ್ತಲಿನ ಕಾಲುವೆ ನೀರಿನ ಹಳ್ಳಿಗಳಲ್ಲಿ ಈಗ ಇದೇ ಪದ್ಧತಿ ಬೆಳೆಯುತ್ತಿದೆ. ಎರಡು ಬೆಳೆ ಬಂದರೆ ಸಾಕು, ಮಕ್ಕಳನ್ನು ಹಳದಿ ಬಸ್ಸಿಗೆ ಹತ್ತಿಸಿ ಪಟ್ಟಣಕ್ಕೆ ಕಳಿಸುವುದು. ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನವೋದಯದ ಆಸೆ ಇದ್ದರೆ, ಊರಿನ ಶಾಲೆಯಲ್ಲಿ ಪಾಠ ಸರಿಯಾಗಿ ನಡೆಯುತ್ತಿದ್ದರೆ, ಐದನೇ ತರಗತಿ ಮುಗಿಯುವವರೆಗೆ ಅಲ್ಲಿಯೇ ಇರಲಿ. ನಿಮ್ಮ ಊರು ಈಚೆಗೆ ಪಟ್ಟಣ ಪಂಚಾಯತಿ ಆಗಿದೆಯೇ, ಶಾಲೆ ಅದರ ಒಳಗೆ ಬರುತ್ತದೆಯೇ ಎಂಬುದನ್ನೂ ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಕಡೆ ಮಳೆ ನಂಬಿದ ಊರುಗಳಿವೆ. ಮಳೆ ಕೈಕೊಟ್ಟರೆ ಬೆಂಗಳೂರು, ಪುಣೆ ಎಂದು ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಮಗುವನ್ನೂ ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೆ ಸೇರಿಸಿದರೆ ಗ್ರಾಮೀಣ ಹಕ್ಕು ಹೋಗುತ್ತದೆ. ಅದು ಐದನೇ ತರಗತಿಯ ವರ್ಷವಾದರೆ ಅರ್ಜಿ ಹಾಕುವ ಹಕ್ಕೇ ಇಲ್ಲಿ ಉಳಿಯುವುದಿಲ್ಲ. ಏಕೆಂದರೆ ಯಾವ ಜಿಲ್ಲೆಯ ನವೋದಯಕ್ಕೆ ಸೇರಬೇಕೋ ಆ ಜಿಲ್ಲೆಯಲ್ಲಿಯೇ ವಾಸವಿದ್ದು ಐದನೇ ತರಗತಿ ಓದುತ್ತಿರಬೇಕು. ಸಾಧ್ಯವಿದ್ದರೆ ಆ ಮೂರು ವರ್ಷ ಮಗುವನ್ನು ದಾದಿಯ ಬಳಿಯೋ ನಾನಿಯ ಬಳಿಯೋ ಊರಲ್ಲೇ ಬಿಡಿ.

ಮದ್ರಸ ಮತ್ತು ಶಾಲೆ

ಐದನೇ ತರಗತಿಯನ್ನು ಸರಕಾರಿ, ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಓದುತ್ತಿರಬೇಕು ಎಂಬುದು ಇನ್ನೊಂದು ನಿಯಮ. ನಮ್ಮ ಮನೆಗಳಲ್ಲಿ ಇದು ಮುಖ್ಯವಾಗುತ್ತದೆ. ನಾನು ಮದ್ರಸದಲ್ಲಿ ಓದಿದವಳು, ಬಿ.ಎ. ಕೂಡ ಮಾಡಿದವಳು. ಆದ್ದರಿಂದ ಈ ಮಾತು ಹೇಳಲು ಸಂಕೋಚವಿಲ್ಲ. ಬೆಳಿಗ್ಗೆ ಸಂಜೆ ಮಕ್ತಬ್‌ಗೆ ಹೋಗಿ, ಹಗಲು ಶಾಲೆಗೆ ಹೋಗುವ ಮಗುವಿಗೆ ಯಾವ ತೊಂದರೆಯೂ ಇಲ್ಲ. ಆದರೆ ನಾಲ್ಕನೇ ತರಗತಿಯಲ್ಲಿ ಶಾಲೆ ಬಿಡಿಸಿ ಪೂರ್ಣಾವಧಿಗೆ ಹಿಫ್ಝ್‌ಗೆ ಕಳಿಸಿ, ಎರಡು ವರ್ಷದ ನಂತರ “ಈಗ ನವೋದಯಕ್ಕೂ ಬರೆಸೋಣ” ಎಂದರೆ ಆಗುವುದಿಲ್ಲ. ಎರಡೂ ಒಳ್ಳೆಯ ದಾರಿಗಳೇ. ಯಾವ ದಾರಿ ಎಂಬುದನ್ನು ಗಂಡ ಹೆಂಡತಿ ಕೂತು, ಮಗುವಿನ ಒಲವನ್ನೂ ನೋಡಿ, ಮೊದಲೇ ತೀರ್ಮಾನಿಸಬೇಕು. ಯೋಚಿಸದೆ ಒಂದನ್ನು ಕಳೆದುಕೊಳ್ಳುವುದು ಬೇಡ.

ಕಾಗದಪತ್ರಗಳು

ಮೊದಲನೆಯದು ಹುಟ್ಟಿದ ದಿನಾಂಕ. ಪ್ರತಿ ವರ್ಷದ ಪ್ರಕಟಣೆಯಲ್ಲಿ ಯಾವ ದಿನದಿಂದ ಯಾವ ದಿನದೊಳಗೆ ಹುಟ್ಟಿರಬೇಕು ಎಂದು ಕೊಟ್ಟಿರುತ್ತಾರೆ. 2026-27ನೇ ಸಾಲಿನ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದವರು ಎಂದಿತ್ತು. ಮುಂದಿನ ಸಾಲಿಗೆ ವರ್ಷ ಮುಂದಕ್ಕೆ ಸರಿಯುತ್ತದೆ. ನಮ್ಮಲ್ಲಿ ಜನನ ಪ್ರಮಾಣಪತ್ರದಲ್ಲಿ ಒಂದು ದಿನಾಂಕ, ಶಾಲೆಯಲ್ಲಿ ಅಂದಾಜಿಗೆ ಬರೆಸಿದ ಜೂನ್ 1, ಆಧಾರ್‌ನಲ್ಲಿ ಮತ್ತೊಂದು. ಹೆಸರೂ ಅಷ್ಟೇ. ಒಂದರಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮಾಬಿ, ಮತ್ತೊಂದರಲ್ಲಿ ಫಾತಿಮಾ ಬೇಗಂ. ಇದನ್ನು ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಅರ್ಜಿಯ ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ. ಮೂರನೇ ತರಗತಿಯಲ್ಲಿಯೇ ಮುಗಿಸಿಕೊಳ್ಳಿ.

ಎರಡನೆಯದು ಜಾತಿ ಪ್ರಮಾಣಪತ್ರ. 2021ರಿಂದ ನವೋದಯದಲ್ಲಿ ಇತರೆ ಹಿಂದುಳಿದ ವರ್ಗಗಳಿಗೆ ಶೇಕಡಾ 27 ಮೀಸಲಾತಿ ಇದೆ. ಆದರೆ ಅದು ಕೇಂದ್ರ ಸರಕಾರದ ಪಟ್ಟಿಯ ಪ್ರಕಾರ. ರಾಜ್ಯದ 2ಬಿ ಪ್ರಮಾಣಪತ್ರ ಕೈಯಲ್ಲಿದೆ ಎಂದ ಮಾತ್ರಕ್ಕೆ ಇಲ್ಲಿ ಓಬಿಸಿ ಎಂದು ತುಂಬುವಂತಿಲ್ಲ. ರಾಜ್ಯದ ಎಲ್ಲ ಮುಸ್ಲಿಮ್ ವರ್ಗಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮ ವರ್ಗ ಅದರಲ್ಲಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ, ಇದ್ದರೆ ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನೇ ಮಾಡಿಸಿ. ಇಲ್ಲದಿದ್ದರೆ ಸಾಮಾನ್ಯ ವರ್ಗ ಎಂದು ತುಂಬಿ. ಗ್ರಾಮೀಣ ಮಕ್ಕಳ ಹಾಗೂ ಹುಡುಗಿಯರ ಹಕ್ಕು ಆಗಲೂ ಇದ್ದೇ ಇರುತ್ತದೆ.

ಮೂರನೆಯದು ಮುಖ್ಯೋಪಾಧ್ಯಾಯರ ಪ್ರಮಾಣಪತ್ರ. ಅರ್ಜಿಯನ್ನು ನವೋದಯ ವಿದ್ಯಾಲಯ ಸಮಿತಿಯ ಜಾಲತಾಣದಲ್ಲಿಯೇ ಹಾಕಬೇಕು. ಅದಕ್ಕೆ ಶುಲ್ಕವಿಲ್ಲ. ಕಂಪ್ಯೂಟರ್ ಅಂಗಡಿಯವರು ತುಂಬುವ ಕೆಲಸಕ್ಕೆ ಅವರ ಕೂಲಿ ಕೇಳುತ್ತಾರೆ, ಅಷ್ಟೇ. ಗೊತ್ತುಪಡಿಸಿದ ನಮೂನೆಯಲ್ಲಿ ಮುಖ್ಯೋಪಾಧ್ಯಾಯರು ವಿವರ ದೃಢೀಕರಿಸಿ ಸಹಿ ಮಾಡಿಕೊಡಬೇಕು. ಮಗುವಿನ ಫೋಟೋ, ಮಗುವಿನ ಸಹಿ, ತಂದೆ ಅಥವಾ ತಾಯಿಯ ಸಹಿ ಬೇಕು. ಇತ್ತೀಚಿನ ವರ್ಷಗಳಲ್ಲಿ ಜೂನ್ ಜುಲೈ ಹೊತ್ತಿಗೆ ಅರ್ಜಿ ಕರೆಯುತ್ತಿದ್ದಾರೆ. ಪರೀಕ್ಷೆ ಡಿಸೆಂಬರ್ ಅಥವಾ ಜನವರಿಯಲ್ಲಿ. ಅಂದರೆ ಮಗು ಐದನೇ ತರಗತಿಗೆ ಕಾಲಿಟ್ಟ ಕೂಡಲೇ ವಿಚಾರಿಸಬೇಕು. ಅಂಗಡಿಯಲ್ಲಿ ತುಂಬಿಸುವಾಗ ಪಕ್ಕದಲ್ಲಿ ಕೂತು ನೋಡಿ. ಗ್ರಾಮೀಣ ಎಂಬಲ್ಲಿ ಗ್ರಾಮೀಣ ಎಂದೇ ಇದೆಯೇ, ಪರೀಕ್ಷೆಯ ಭಾಷೆ ಸರಿ ಇದೆಯೇ ಎಂದು ಓದಿಸಿಕೊಳ್ಳಿ.

ಭಾಷೆಯ ಆಯ್ಕೆಯಲ್ಲಿ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ಕನ್ನಡ, ಉರ್ದು, ಇಂಗ್ಲಿಷ್ ಮುಂತಾದ ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಇರುತ್ತದೆ. ಮನೆಯಲ್ಲಿ ದಖನಿ ಮಾತಾಡುತ್ತೇವೆ, ಆದ್ದರಿಂದ ಉರ್ದು ಎಂದು ಬರೆಸಬೇಡಿ. ಇಂಗ್ಲಿಷ್ ಅಂದರೆ ಗೌರವ ಎಂದೂ ಬರೆಸಬೇಡಿ. ಮಗು ಯಾವ ಭಾಷೆಯಲ್ಲಿ ವೇಗವಾಗಿ ಓದಿ ಅರ್ಥ ಮಾಡಿಕೊಳ್ಳುತ್ತದೆಯೋ ಅದೇ ಸರಿಯಾದ ಭಾಷೆ. ಸಾಮಾನ್ಯವಾಗಿ ಅದು ಶಾಲೆಯ ಮಾಧ್ಯಮವೇ ಆಗಿರುತ್ತದೆ.

ಮನೆಯಲ್ಲಿ ತಯಾರಿ

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವು, 20 ಗಣಿತ, 20 ಭಾಷೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡದಂತೆ ಹೇಳಿಕೊಡಿ.

ಮಾನಸಿಕ ಸಾಮರ್ಥ್ಯ ಎಂದರೆ ಬರೀ ಚಿತ್ರಗಳು. ಗುಂಪಿಗೆ ಸೇರದ ಚಿತ್ರ ಯಾವುದು, ಅರ್ಧ ಬಿಟ್ಟ ಚಿತ್ರಕ್ಕೆ ಹೊಂದುವ ತುಂಡು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿದ ಕಾಗದಕ್ಕೆ ತೂತು ಮಾಡಿ ಬಿಚ್ಚಿದರೆ ಹೇಗಿರುತ್ತದೆ. ಓದು ಬಾರದ ತಾಯಿಯೂ ಇದನ್ನು ಕಲಿಸಬಲ್ಲಳು. ಕೌದಿ ಹೊಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇಲ್ಲಿಗೆ ಯಾವ ತುಂಡು ಕೂರುತ್ತದೆ?” ಎಂದು ಕೇಳಿ. ಒಂದು ಕೈಗೆ ಮೆಹೆಂದಿ ಹಾಕಿ, ಅದೇ ಚಿತ್ತಾರ ಇನ್ನೊಂದು ಕೈಗೆ ತಿರುವಿ ಬರೆಯಲು ಹೇಳಿ. ಹಳೆಯ ಕಾಗದ ನಾಲ್ಕು ಮಡಿಕೆ ಮಾಡಿ, ಕತ್ತರಿಸಿ, ಬಿಚ್ಚುವ ಮೊದಲು ಹೇಗಿರುತ್ತದೆ ಎಂದು ಬಿಡಿಸಲು ಹೇಳಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಮಾಡಿಸಿದರೆ ಮಗುವಿಗೆ ಹೊಸದೆನಿಸುವುದಿಲ್ಲ.

ಗಣಿತದಲ್ಲಿ ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಅಳತೆ, ಸುತ್ತಳತೆ ಮುಂತಾದವು ಬರುತ್ತವೆ. ಮಗುವನ್ನೇ ಕಿರಾಣಿ ಅಂಗಡಿಗೆ ಕಳಿಸಿ ಲೆಕ್ಕ ಒಪ್ಪಿಸಲು ಹೇಳಿ. ಭಾಷೆಗೆ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿ, “ಏನಾಯಿತು, ಯಾಕಾಯಿತು” ಎಂದು ಕೇಳಿದರೆ ಸಾಕು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಹತ್ತು ವರ್ಷದ ಮಗುವಿನ ಆಟ ಕಸಿದುಕೊಳ್ಳಬೇಡಿ.

ನವೋದಯ ಕೋಚಿಂಗ್ ಎಂದು ಫಲಕ ಹಾಕಿಕೊಂಡವರು ಅನೇಕರಿದ್ದಾರೆ. ಯಾವ ಕೋಚಿಂಗ್ ಸಂಸ್ಥೆಗೂ ನವೋದಯ ಸಮಿತಿಗೂ ಸಂಬಂಧವಿಲ್ಲ. ಸೀಟು ಕೊಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅದು ಸುಳ್ಳು. ವಸತಿ ಕೋಚಿಂಗ್ ಎಂದು ಮಗುವಿನ ದಾಖಲಾತಿಯನ್ನು ಹಳ್ಳಿಯ ಶಾಲೆಯಿಂದ ಪಟ್ಟಣದ ಶಾಲೆಗೆ ಬದಲಾಯಿಸಿದರೆ, ಮೇಲೆ ಹೇಳಿದ ಗ್ರಾಮೀಣ ಹಕ್ಕನ್ನು ಹಣ ಕೊಟ್ಟು ಕಳೆದುಕೊಂಡಂತಾಗುತ್ತದೆ.

ಹುಡುಗಿಯನ್ನು ಕಳಿಸುವುದೇ?

ಈ ಪ್ರಶ್ನೆಗೆ ಬಂದಾಗ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. “ಹತ್ತು ವರ್ಷದ ಹುಡುಗಿಯನ್ನು ಹಾಸ್ಟೆಲ್‌ಗೆ ಬಿಡುವುದೇ?” ಎಂದು ಸಾಸ್ ಕೇಳುತ್ತಾರೆ. “ನಮಾಝ್, ರೋಝಾ, ಊಟ ಹೇಗೆ?” ಎಂದು ಮಾವ ಕೇಳುತ್ತಾರೆ. ಈ ಪ್ರಶ್ನೆಗಳು ತಪ್ಪಲ್ಲ. ಆದರೆ ಮನೆಯಲ್ಲಿ ಕೂತು ಊಹಿಸಿ ಬೇಡವೆನ್ನುವ ಬದಲು ಮುದಗಲ್‌ಗೆ ಹೋಗಿ ಪ್ರಾಂಶುಪಾಲರನ್ನೇ ಕೇಳಿ. ಹುಡುಗಿಯರ ವಸತಿ ಬೇರೆ ಇರುತ್ತದೆ, ನೋಡಿಕೊಳ್ಳಲು ಶಿಕ್ಷಕಿಯರಿರುತ್ತಾರೆ. ನಮಾಝ್‌ಗೆ ಅನುಕೂಲ ಹೇಗೆ, ರಮಝಾನ್‌ನಲ್ಲಿ ಏನು ಮಾಡುತ್ತಾರೆ, ಭೇಟಿಯ ದಿನ ಯಾವುದು, ಹುಷಾರಿಲ್ಲದಿದ್ದರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು ಒಂದೊಂದಾಗಿ ವಿಚಾರಿಸಿ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳ ತಾಯಂದಿರು ಸಿಕ್ಕರೆ ಅವರನ್ನೂ ಕೇಳಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಒಂಬತ್ತನೇ ತರಗತಿಯಲ್ಲಿ ಸುಮಾರು ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ನಮ್ಮ ಮಕ್ಕಳು ಹಿಂದಿ ನಾಡಿಗೆ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ದೇಶದ ಮಕ್ಕಳು ಒಬ್ಬರನ್ನೊಬ್ಬರು ಅರಿಯಲಿ ಎಂಬುದು ಉದ್ದೇಶ. ಇದು ಪ್ರವೇಶದ ಷರತ್ತುಗಳಲ್ಲಿಯೇ ಇದೆ. ಆಮೇಲೆ ತಿಳಿದು ಗಾಬರಿಯಾಗುವುದಕ್ಕಿಂತ ಈಗಲೇ ಯೋಚಿಸಿ ಒಪ್ಪುವುದು ಮೇಲು.

ಎಲ್ಲ ವಿಚಾರಿಸಿದ ಮೇಲೂ ಮನಸ್ಸು ಒಪ್ಪದಿದ್ದರೆ ಕಳಿಸಬೇಡಿ, ಅದು ನಿಮ್ಮ ಹಕ್ಕು. ಆದರೆ ಅಣ್ಣನಿಗಾಗಿ ಇದೇ ಅರ್ಜಿ ತುಂಬಿ, ತಂಗಿಗೆ ಅದರ ಸುದ್ದಿಯನ್ನೇ ತಿಳಿಸದಿರುವುದು ನ್ಯಾಯವಲ್ಲ. ಮಗಳೂ ನಮ್ಮ ಕೈಗೆ ಬಂದ ಅಮಾನತ್ತೇ. ಅವಳಿಗಾಗಿ ಇಟ್ಟಿರುವ ಸ್ಥಾನ ನಾವು ಕೇಳದಿದ್ದರೆ ಬೇರೆಯವರ ಮಗಳಿಗೆ ಹೋಗುತ್ತದೆ. ಹೋಗಲಿ, ಅವಳೂ ಒಬ್ಬ ತಾಯಿಯ ಮಗಳೇ. ಆದರೆ ನಮ್ಮ ಮಗಳು ಪರೀಕ್ಷೆಯನ್ನಾದರೂ ಬರೆದಿರಬೇಕು.

ಹೆಸರು ಬರದಿದ್ದರೆ

ಬರೆದವರಲ್ಲಿ ಹೆಚ್ಚಿನವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಸ್ಥಾನಗಳೇ ಅಷ್ಟು ಕಡಿಮೆ. ಎರಡು ಗಂಟೆಯ ಪರೀಕ್ಷೆ ಮಗುವಿನ ಬುದ್ಧಿಯನ್ನು ಪೂರ್ತಿ ತೂಗುವ ತಕ್ಕಡಿಯೂ ಅಲ್ಲ. ಫಲಿತಾಂಶದ ದಿನ “ಅವರ ಮಗ ಪಾಸಾದ, ನೀನು ನೋಡು” ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಬೇರೆ ಯಾರ ಬಾಯಿಂದ ಬಂದರೂ ನೀವು ಮಗುವಿನ ಪಕ್ಕ ನಿಲ್ಲಬೇಕು.

ಬೇರೆ ಬಾಗಿಲುಗಳೂ ಇವೆ. ಆರನೇ ತರಗತಿಗೇ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೊರಾರ್ಜಿ ಶಾಲೆಗಳಲ್ಲಿ ಹೆಚ್ಚಿನ ಸ್ಥಾನಗಳು ಅಲ್ಪಸಂಖ್ಯಾತ ಮಕ್ಕಳಿಗೇ ಮೀಸಲು. ಹಾಸ್ಟೆಲ್ ಬೇಡ ಎನ್ನುವವರಿಗೆ ಆದರ್ಶ ವಿದ್ಯಾಲಯ, ಮೌಲಾನಾ ಆಜಾದ್ ಮಾದರಿ ಶಾಲೆಗಳಿವೆ, ಮನೆಯಿಂದಲೇ ಹೋಗಿ ಬರಬಹುದು. ನವೋದಯದಲ್ಲಿಯೇ ಖಾಲಿ ಉಳಿದ ಸ್ಥಾನಗಳಿಗೆ ಒಂಬತ್ತನೇ ತರಗತಿಯಲ್ಲಿ ಬೇರೆ ಪರೀಕ್ಷೆ ನಡೆಯುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಬಹುದು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದಿದ್ದರೆ, ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಐದನೇ ತರಗತಿಯಲ್ಲಿ ಕಾಗದ ಮಡಿಸಿ ಕಲಿತ ಮಗುವಿಗೆ ಆ ಅಭ್ಯಾಸ ಎಂಟನೇ ತರಗತಿಯಲ್ಲಿಯೂ ನೆರವಾಗುತ್ತದೆ.

ಈ ವಾರ ಒಂದು ಕೆಲಸ ಮಾಡಿ. ಮಗುವಿನ ಜನನ ಪ್ರಮಾಣಪತ್ರ ಮತ್ತು ಆಧಾರ್ ತೆಗೆದುಕೊಂಡು ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ದಾಖಲಾತಿ ಪುಸ್ತಕದಲ್ಲಿರುವ ಹೆಸರು ಮತ್ತು ದಿನಾಂಕಕ್ಕೆ ಹೋಲಿಸಿ ನೋಡಿ. ನೆರೆಮನೆಯಲ್ಲಿ ಓದು ಬಾರದ ತಾಯಿ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಮಕ್ಕಳ ಜ್ಞಾನದಲ್ಲಿ ಅಲ್ಲಾಹನು ಬರಕತ್ ನೀಡಲಿ.